ಕಾದಂಬರಿ ಓದಿ ಅಂದ್ರೆ ಲೇಖಕಿಯ ಮನೆ ಇಣುಕ್ತೀರಲ್ಲ!

ನಮಸ್ಕಾರ. ಹೋದ ವಾರದ ಸಂಚಿಕೆಗೆ ಬಂದ ಒಂದು ಕಮೆಂಟು, ಇದ್ದದ್ದು ಇದ್ದ ಹಾಗೆ ಓದ್ತೀನಿ: "ಸರ್, ಅದು ಆಯಮ್ಮನ ಮನೇದೇ ಕಥೆ ಅಲ್ವಾ? ಹೆಸರು ಬದಲಾಯಿಸಿದ್ದಾರೆ ಅಷ್ಟೇ." ಅದಕ್ಕೆ ಲೈಕು ಬೇರೆ ಧಾರಾಳ.

ಆಯಮ್ಮ ಅಂದ್ರೆ ವಿ.ವಿ. ಗಣೇಶಾನಂದನ್. ಶ್ರೀಲಂಕಾ ತಮಿಳು ಮೂಲ, ಹುಟ್ಟಿ ಬೆಳೆದದ್ದೆಲ್ಲ ಅಮೆರಿಕ. ಹೋದ ವಾರ ಹೇಳಿದ ಕಾದಂಬರಿ 'ಬ್ರದರ್‌ಲೆಸ್ ನೈಟ್', 2023ರದ್ದು, ಶ್ರೀಲಂಕಾದ ಅಂತರ್ಯುದ್ಧದ ಕಥೆ. 2024ರಲ್ಲಿ ಹೆಣ್ಣುಮಕ್ಕಳು ಬರೆದ ಕಾದಂಬರಿಗೆ ಬ್ರಿಟನ್ನಿನಲ್ಲಿ ಕೊಡೋ ವಿಮೆನ್ಸ್ ಪ್ರೈಜ್ ಬಂತು, ಉತ್ತರ ಅಮೆರಿಕದ ಕ್ಯಾರೊಲ್ ಶೀಲ್ಡ್ಸ್ ಪ್ರೈಜೂ ಬಂತು.

ಸ್ವಾಮಿ, ಮೊದಲು ಕೂಡಿ ಕಳೆಯೋ ಲೆಕ್ಕ ಮಾಡಿ. ಲೇಖಕಿ ಹುಟ್ಟಿದ್ದು 1980ರಲ್ಲಿ. ಕಥೆ ಹೇಳೋ ಶಶಿ 1981ರಲ್ಲಿ ಶ್ರೀಲಂಕಾದ ಉತ್ತರಕ್ಕಿರೋ ತಮಿಳರ ಊರು ಜಾಫ್ನಾದಲ್ಲಿ ಕೂತು ಡಾಕ್ಟರಾಗಬೇಕು ಅಂತ ಓದ್ತಿದ್ದಾಳೆ. ಆಗ ಲೇಖಕಿ ಅಮೆರಿಕದಲ್ಲಿ ತೊಟ್ಟಿಲಲ್ಲಿದ್ರು. ಇದು ಆತ್ಮಕಥೆ ಹೆಂಗಾಗುತ್ತೆ?

ಶುರುವಿನಲ್ಲೇ ಶಶಿ ಕುದಿಯೋ ನೀರು ಮೈಮೇಲೆ ಚೆಲ್ಕೊಳ್ತಾಳೆ. ನೆರೆಯ ಹುಡುಗ, ಹೆಸರು ಬರೀ 'ಕೆ', ಓಡಿ ಬಂದು ಮೊಟ್ಟೆ ಒಡೆದು ಬಿಳಿ ಲೋಳೆ ಸುರೀತಾನೆ. (ನೀವು ಹಂಗೆ ಮಾಡ್ಬೇಡಿ. ಸುಟ್ಟಾಗ ನಲ್ಲಿ ಕೆಳಗೆ 20 ನಿಮಿಷ ಹಿಡೀಬೇಕು. ಮೊಟ್ಟೆಯಿಂದ ಸೋಂಕು ತಗಲುತ್ತೆ.) ಆ ಹುಡುಗನೇ ಮುಂದೆ ಪುಲಿ, ಅಂದ್ರೆ ಪ್ರತ್ಯೇಕ ತಮಿಳು ದೇಶಕ್ಕೆ ಬಂದೂಕು ಹಿಡಿದ ಎಲ್‌ಟಿಟಿಇ, ಸೇರಿ ಉಪವಾಸ ಕೂತು ಸಾಯ್ತಾನೆ. ಅದು ಯಾರ ಮನೆ ಕಥೆ? ಇತಿಹಾಸ ತೆಗೆದು ನೋಡಿ: ತಿಲೀಪನ್, ಮೆಡಿಕಲ್ ಓದ್ತಿದ್ದ ಹುಡುಗ, 1987ರ ಸೆಪ್ಟೆಂಬರ್ 15ಕ್ಕೆ ನಲ್ಲೂರು ಕಂದಸ್ವಾಮಿ ಗುಡಿ ಎದುರು ಕೂತ, ನೀರೂ ಮುಟ್ಟಲಿಲ್ಲ, 26ಕ್ಕೆ ಹೋದ. ಅಂಜಲಿ ಅನ್ನೋ ಮೇಡಂ ಬರ್ತಾರಲ್ಲ, ಅವರ ಹಿಂದೆ ಇರೋದು ರಜನಿ ತಿರಣಗಮ. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅನಾಟಮಿ ಪಾಠ ಮಾಡ್ತಿದ್ದವರು, ಎಲ್ಲ ಕಡೆಯವರ ಹಿಂಸೆಯನ್ನೂ ಬರೆದಿಟ್ಟವರು. 1989ರ ಸೆಪ್ಟೆಂಬರ್ 21ಕ್ಕೆ ಗುಂಡಿಟ್ಟು ಕೊಂದ್ರು. ಊರಿಗೇ ಗೊತ್ತಿರೋ ಚರಿತ್ರೆಯನ್ನ ತಂದು ಲೇಖಕಿಯ ಅಡುಗೆಮನೆಗೆ ಸೇರಿಸ್ತೀರಲ್ಲ!

"ಮನೆಯವರು ಹೇಳಿರ್ತಾರೆ ಬಿಡಿ" ಅಂತೀರಾ? ಹೇಳಿರಲಿ. ಕೇಳಿದ್ದನ್ನ ಹಂಗೇ ಇಳಿಸೋಕಾಗಲ್ಲ. ಒಬ್ಬರು 83ರದ್ದು ಅಂತಾರೆ, ಅದೇ ಮಾತನ್ನ ಇನ್ನೊಬ್ಬರು 87ಕ್ಕೆ ಸೇರಿಸ್ತಾರೆ. ಕರ್ಫ್ಯೂ ಯಾವ ದಿನ ಇತ್ತು, ಸೇನೆ ಯಾವ ತಿಂಗಳು ಬಂತು, ಕಾಲೇಜು ಯಾವಾಗ ಮುಚ್ಚಿತ್ತು, ಒಂದೊಂದನ್ನೂ ದಾಖಲೆ ಜೊತೆ ತಾಳೆ ನೋಡ್ಬೇಕು. ದಾಖಲೆ ಎಲ್ಲಿದೆ? ಜಾಫ್ನಾ ಲೈಬ್ರರಿಯನ್ನ 1981ರ ಜೂನ್ 1ರ ಹೊತ್ತಿಗೆ ಸುಟ್ಟುಬಿಟ್ಟಿದ್ರು, ಸುಮಾರು 97,000 ಪುಸ್ತಕ ಬೂದಿ. ಅದಕ್ಕೇ ಈ ಕಾದಂಬರಿಗೆ ಹತ್ತಿರ ಹತ್ತಿರ 18 ವರ್ಷ ಹಿಡೀತು. ಮನೆ ಕಥೆ ಆಗಿದ್ರೆ ಎರಡು ಬೇಸಿಗೆ ರಜೆ ಸಾಕಿತ್ತು.

ದುಡ್ಡಿನ ಆಸೆಗೆ ಬರೆದ್ರು ಅಂತಲೂ ಅನ್ನಬೇಡಿ. ವಿಮೆನ್ಸ್ ಪ್ರೈಜಿನ 30,000 ಪೌಂಡನ್ನ 18ರಿಂದ ಭಾಗಿಸಿ, ವರ್ಷಕ್ಕೆ 1,700 ಕೂಡ ಬೀಳಲ್ಲ. ಹೊಟ್ಟೆಪಾಡಿಗೆ ಇವರು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಾರೆ. ಪಾಡ್‌ಕಾಸ್ಟೂ ನಡೆಸ್ತಾರೆ. ಪಾಡ್‌ಕಾಸ್ಟ್ ಅಂದಾಗ ನೆನಪಾಯ್ತು, ಬೆಲ್ ಒತ್ತಿದೀರಾ? ಒತ್ತಿ.

ಈ ರೋಗ ಹುಟ್ಟೋದು ಎಲ್ಲಿ ಗೊತ್ತಾ? ಪ್ರಚಾರ ವಿಭಾಗದಲ್ಲಿ. ಪುಸ್ತಕ ಒಪ್ಪಿಗೆ ಆದಮೇಲೆ ಪ್ರಕಾಶಕರು ಲೇಖಕರಿಗೆ ಒಂದು ಫಾರಂ ಕಳಿಸ್ತಾರೆ: ಹುಟ್ಟೂರು, ಮನೆತನ, ಓದಿದ ಕಾಲೇಜು, ಈ ಕಥೆಗೂ ನಿಮಗೂ ಏನು ಸಂಬಂಧ. ಬಿಡುಗಡೆಗೆ ನಾಲ್ಕೈದು ತಿಂಗಳಿರುವಾಗ ವಿಮರ್ಶಕರಿಗೆ ಮುಂಗಡ ಪ್ರತಿ ಹೋಗುತ್ತೆ, ಜೊತೆಗೆ ಒಂದು ಪುಟದ ಪ್ರಕಟಣೆ. ಆ ಫಾರಂನಲ್ಲಿದ್ದ ಕುಟುಂಬದ ಸಾಲು ಇಲ್ಲಿ ಮೊದಲ ಪ್ಯಾರಾಕ್ಕೆ ಏರಿರುತ್ತೆ. ನೂರಾರು ಪುಟ ಓದೋಕೆ ಪುರುಸೊತ್ತಿಲ್ಲದ ಪತ್ರಕರ್ತ ಆ ಒಂದು ಪುಟ ಓದ್ಕೊಂಡು ಮೈಕ್ ಹಿಡೀತಾನೆ: "ಇದು ನಿಮ್ಮ ಕುಟುಂಬದ ಕಥೆಯಾ?" ಅದೇ ತುಣುಕು ನಿಮ್ಮ ಮೊಬೈಲಿಗೆ ಬರುತ್ತೆ, ಅದನ್ನ ನೀವು ನನ್ನ ಕಮೆಂಟ್ ಬಾಕ್ಸಿಗೆ ತರ್ತೀರಿ!

ಈಗ ಒಬ್ಬ ಬುದ್ಧಿವಂತ ಎದ್ದು ನಿಲ್ತಾನೆ: "ಹಂಗಾದ್ರೆ ಶೋಭಾಶಕ್ತಿ? ಅವರು ಬದುಕಿದ್ದನ್ನೇ ಬರೆದಿಲ್ವಾ?" ಹೌದಪ್ಪ. ಪ್ಯಾರಿಸ್‌ನಲ್ಲಿರೋ ತಮಿಳು ಕಾದಂಬರಿಕಾರ, ಹುಡುಗನಾಗಿದ್ದಾಗ ಪುಲಿಗಳ ಜೊತೆ ಇದ್ದವರು, 2015ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದ 'ದೀಪನ್' ಚಿತ್ರದಲ್ಲಿ ಮಾಜಿ ಪುಲಿಯಾಗಿಯೇ ನಟಿಸಿದವರು. ಏನೀಗ? ಪುಲಿಗಳ ಜೊತೆ ಇದ್ದವರೆಲ್ಲ ಕಾದಂಬರಿ ಬರೆದ್ರಾ? ಕೂತ್ಕೋ.

ನನ್ನ ಸಿಟ್ಟು ಇರೋದು ಇಲ್ಲಿ. ಈ ಕಾದಂಬರಿಯಲ್ಲಿ ನಮ್ಮ ಸೇನೆಯೂ ಬರುತ್ತೆ, ಶಾಂತಿಪಾಲನೆಗೆ ಅಂತ ಹೋದ ಪಡೆ. 1987ರ ಅಕ್ಟೋಬರ್ 21, 22ರಂದು ಆ ಪಡೆ ಜಾಫ್ನಾ ಆಸ್ಪತ್ರೆಗೆ ನುಗ್ಗಿದಾಗ ರೋಗಿಗಳು, ಡಾಕ್ಟರು, ನರ್ಸು ಸೇರಿ 60ಕ್ಕೂ ಹೆಚ್ಚು ಜನ ಸತ್ರು. ಅದರ ಬಗ್ಗೆ ಒಂದು ಕಮೆಂಟಿಲ್ಲ! ಲೇಖಕಿಯ ಚಿಕ್ಕಪ್ಪ ಯಾರು, ಅಣ್ಣ ಇದ್ದಾನಾ, ಇದು ಬೇಕು ನಿಮಗೆ. ಹೋಟೆಲಲ್ಲಿ ದೋಸೆ ಚೆನ್ನಾಗಿದೆ ಅಂತ ಭಟ್ಟರ ಜಾತಕ ಕೇಳ್ತೀರೇನ್ರಿ?

ಮನೆ ಕಥೆ ಅಲ್ಲ. ಅಲ್ಲ ಅಂದ್ರೆ ಅಲ್ಲ. "ಒಂಚೂರಾದ್ರೂ ಇರುತ್ತಲ್ವಾ ಸರ್?" ಇರಲಿ ಬಿಡ್ರೀ! ಒಂಚೂರು ಯಾರಲ್ಲಿಲ್ಲ? ಅದನ್ನ ಕಂಡುಹಿಡಿದು ಏನು, ರೇಷನ್ ಕಾರ್ಡಿಗೆ ಸೇರಿಸ್ತೀರಾ?

ಸಾಕು, ಗಂಟಲು ಹೋಯ್ತು. ಚಾನೆಲ್ ಮೆಂಬರ್‌ಶಿಪ್ ಲಿಂಕು ಕೆಳಗಿದೆ. ಮುಂದಿನ ವಾರ ಶೋಭಾಶಕ್ತಿ. ಅವರ ಅಪ್ಪ ಅಮ್ಮ ಏನ್ಮಾಡ್ಕೊಂಡಿದ್ರು ಅಂತ ಯಾರಾದ್ರೂ ಕೇಳಿದ್ರೆ, ಸೀದಾ ಬ್ಲಾಕು.