ಬೆನ್ನುಮೂಳೆಗೆ ಹಬ್ಬಿದ ಕ್ಯಾನ್ಸರ್: ಆಪರೇಷನ್ ಯಾಕೆ, ಹೇಗೆ, ಎಲ್ಲಿ ಎಡವುತ್ತೆ

[ದೃಶ್ಯ: ಮನೆಯ ಹೊಸ್ತಿಲು. ಹವಾಯಿ ಚಪ್ಪಲಿಯ ಒಂದು ಕಾಲು ಹೊರಗೇ ಉಳಿದಿದೆ.]

ಬೆನ್ನುನೋವು, ಕಾಲು ಭಾರ ಅಂತ ಹೋದವರನ್ನ ನರರೋಗದ ಡಾಕ್ಟರು ಕೇಳುವ ಪ್ರಶ್ನೆ ಒಂದಿದೆ: "ನಡೀವಾಗ ಚಪ್ಪಲಿ ಜಾರುತ್ತಾ? ಜಾರಿದ್ದು ನಿಮಗೆ ಗೊತ್ತಾಗುತ್ತಾ?" ಜಾರಿದ್ದು ಗೊತ್ತಾದರೂ ಬೆರಳಲ್ಲಿ ಹಿಡಿದುಕೊಳ್ಳೋಕೆ ಆಗದಿದ್ದರೆ ಪಾದದ ಬಲ ಕಮ್ಮಿಯಾಗಿದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಮನೆಯವರು ಹೇಳಿದ ಮೇಲೆ ಗೊತ್ತಾದರೆ ಸ್ಪರ್ಶವೇ ಹೋಗ್ತಿದೆ. ಕ್ಯಾನ್ಸರ್ ಇರುವವರಲ್ಲಿ, ಅಥವಾ ವರ್ಷಗಳ ಹಿಂದೆ ಚಿಕಿತ್ಸೆ ಮುಗಿಸಿ ವಾಸಿಯಾಯ್ತು ಅಂದುಕೊಂಡವರಲ್ಲಿ, ಇವೆರಡರಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮೂತ್ರ ಕಟ್ಟುವವರೆಗೆ ಕಾದರೆ ತಡವಾಯ್ತು ಅಂತಲೇ ಲೆಕ್ಕ.

[ದೃಶ್ಯ: ಬೆನ್ನುಮೂಳೆಯ ಅನಿಮೇಷನ್. ಮಣಿಗಳ ಸುತ್ತ ನೀಲಿ ಬಣ್ಣದ ರಕ್ತನಾಳಗಳ ಬಲೆ.]

ಬೆನ್ನುಮೂಳೆಯ ಗಡ್ಡೆಗಳಲ್ಲಿ ಹೆಚ್ಚಿನವು ಅಲ್ಲೇ ಹುಟ್ಟಿದವಲ್ಲ, ಬೇರೆ ಕಡೆಯಿಂದ ಬಂದವು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಕಿಡ್ನಿ, ಥೈರಾಯ್ಡ್ ಇವೇ ದೊಡ್ಡ ಮೂಲಗಳು. ಬರುವ ದಾರಿಗಳಲ್ಲಿ ಒಂದು, ಬೆನ್ನುಮೂಳೆಯ ಮಣಿಗಳ ಸುತ್ತ ಹೆಣೆದುಕೊಂಡಿರುವ ರಕ್ತನಾಳಗಳ ಬಲೆ. 1940ರಲ್ಲಿ ಆಸ್ಕರ್ ಬ್ಯಾಟ್ಸನ್ ಅದರ ಪಾತ್ರವನ್ನ ವಿವರಿಸಿದರು, ಹಾಗಾಗಿ ಬ್ಯಾಟ್ಸನ್ ಬಲೆ ಅಂತ ಹೆಸರು. ಈ ನಾಳಗಳಲ್ಲಿ ಕವಾಟ ಇಲ್ಲ. ಕೆಮ್ಮಿದಾಗ, ತಿಣುಕಿದಾಗ ಹೊಟ್ಟೆಯ ಒತ್ತಡಕ್ಕೆ ರಕ್ತ ಹಿಂದಕ್ಕೂ ಹರಿಯುತ್ತೆ. ಈ ಬಲೆಯನ್ನ ನೆನಪಿಟ್ಟುಕೊಳ್ಳಿ, ಆಪರೇಷನ್ ಟೇಬಲ್ ಮೇಲೆ ಮತ್ತೆ ಬರುತ್ತೆ.

ಗಡ್ಡೆ ಸಾಮಾನ್ಯವಾಗಿ ಕೂರುವುದು ಮಣಿಯ ಮುಂಭಾಗದಲ್ಲಿ, ಭಾರ ಹೊರುವ ದಪ್ಪ ಭಾಗದಲ್ಲಿ. ಅದರ ಬೆನ್ನಿಗೇ, ಕಿರುಬೆರಳ ದಪ್ಪದ ಬೆನ್ನುಹುರಿ ಇದೆ. ಎದೆಮಟ್ಟದ ಮಣಿಗಳಲ್ಲಿ ಈ ಕಾಯಿಲೆ ಎಲ್ಲಕ್ಕಿಂತ ಹೆಚ್ಚು, ಹುರಿಯ ಸುತ್ತ ಜಾಗ ಕಮ್ಮಿ ಇರುವುದೂ ಅಲ್ಲೇ. ರಾತ್ರಿ ಮಲಗಿದಾಗ ಹೆಚ್ಚಾಗುವ ನೋವು, ಎದೆ ಸುತ್ತ ಪಟ್ಟಿ ಬಿಗಿದ ಹಾಗೆ ಅನಿಸುವುದು, ಇವು ಶುರುವಿನ ಲಕ್ಷಣ. ಹೊರಳುವಾಗ, ಏಳುವಾಗ ಜೀವ ಹೋಗುವಷ್ಟು ನೋವು, ಅಲುಗಾಡದೆ ಮಲಗಿದರೆ ಆರಾಮ ಅಂದರೆ ಅದು ಬೇರೆ ಥರದ ನೋವು. ಮೂಳೆ ಭಾರ ತಡೀತಿಲ್ಲ ಅಂತ ಅದರ ಅರ್ಥ.

[ದೃಶ್ಯ: ಎಕ್ಸ್‌ರೇ. ಒಂದು ಮಣಿಯಲ್ಲಿ ಎಡಗಡೆಯ 'ಕಣ್ಣು' ಕಾಣುತ್ತಿಲ್ಲ.]

ನೇರ ಎಕ್ಸ್‌ರೇಯಲ್ಲಿ ಪ್ರತಿ ಮಣಿಯ ಎರಡು ಪಕ್ಕದಲ್ಲಿ ಎರಡು ದುಂಡನೆಯ ಗುರುತು ಕಾಣುತ್ತೆ. ಅವು ಪೆಡಿಕಲ್‌ಗಳು, ಮಣಿಯ ಮುಂಭಾಗ ಹಿಂಭಾಗ ಜೋಡಿಸುವ ಕಂಬಗಳು. ಗಡ್ಡೆ ಒಂದನ್ನ ತಿಂದರೆ ಗೂಬೆ ಒಂಟಿಗಣ್ಣು ಮುಚ್ಚಿದ ಹಾಗೆ ಕಾಣುತ್ತೆ. ಆದರೆ ಎಕ್ಸ್‌ರೇ ನೋಡಿ ನೆಮ್ಮದಿಯಾಗಬೇಡಿ: ಮೂಳೆಯ ಮೂರನೇ ಒಂದು ಭಾಗದಷ್ಟು ಸಾಂದ್ರತೆ ಹೋಗುವ ತನಕ ಅದರಲ್ಲಿ ಏನೂ ಕಾಣದೇ ಇರಬಹುದು. ಬೇಕಾಗಿರೋದು ಎಂಆರ್‌ಐ, ಅದೂ ಕತ್ತಿನಿಂದ ಬುಡದವರೆಗೆ ಪೂರ್ತಿ ಬೆನ್ನಿನದು. ನೋವು ಸೊಂಟದಲ್ಲಿ, ಹುರಿ ಒತ್ತಿರುವುದು ಎದೆಮಟ್ಟದಲ್ಲಿ, ಹೀಗಾಗುತ್ತೆ. ಸೊಂಟದ ಎಂಆರ್‌ಐ ಮಾತ್ರ ಮಾಡಿಸಿ 'ನಾರ್ಮಲ್' ಅಂತ ಮನೆಗೆ ಬಂದವರು ವಾರ ಕಳೆದು ಸ್ಟ್ರೆಚರ್ ಮೇಲೆ ವಾಪಸ್ ಹೋಗಬೇಕಾಗಬಹುದು.

ನಮ್ಮ ಕಡೆ ಇನ್ನೊಂದು ತೊಡಕು, ಬೆನ್ನುಮೂಳೆಯ ಟಿಬಿ. ಟಿಬಿ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮಣಿಗಳನ್ನೂ ನಡುವಿನ ಮೆತ್ತೆಯಂಥ ಡಿಸ್ಕನ್ನೂ ತಿನ್ನುತ್ತೆ. ಕ್ಯಾನ್ಸರ್ ಮೂಳೆ ತಿಂದರೂ ಡಿಸ್ಕನ್ನ ಹೆಚ್ಚಾಗಿ ಬಿಡುತ್ತೆ. ಇದು ಸುಳಿವು ಅಷ್ಟೆ, ಎರಡೂ ಕಡೆ ಅಪವಾದ ಇದೆ. ಹಾಗಾಗಿ ಮೂಲ ಕ್ಯಾನ್ಸರ್ ಯಾವುದೆಂದು ಗೊತ್ತಿಲ್ಲದಿದ್ದರೆ ಸಿಟಿ ನೋಡಿಕೊಂಡು ಸೂಜಿ ಹಾಕಿ ಬಯಾಪ್ಸಿ ತೆಗೀತಾರೆ. ತುಣುಕು ಪೆಥಾಲಜಿಗೂ ಹೋಗಬೇಕು, ಟಿಬಿ ರೋಗಾಣುವಿನ ಜೀನ್ ಪತ್ತೆಹಚ್ಚುವ ಸಿಬಿನ್ಯಾಟ್ ಪರೀಕ್ಷೆ ಮತ್ತು ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೂ ಹೋಗಬೇಕು. ಪೂರ್ತಿ ತುಣುಕನ್ನ ರೋಗಾಣು ಸಾಯಿಸುವ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕಲ್ಚರ್ ಕಥೆ ಮುಗೀತು.

ಹುರಿ ಒತ್ತಿದ್ದರೆ ಊತ ಇಳಿಸೋಕೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಶುರು ಮಾಡ್ತಾರೆ, ಸಾಮಾನ್ಯವಾಗಿ ದಿನಕ್ಕೆ 16 ಮಿಲಿಗ್ರಾಂ, ಭಾಗ ಮಾಡಿ. ಶುಗರ್ ಏರುತ್ತೆ, ಹೊಟ್ಟೆ ಹುಣ್ಣಾಗಬಹುದು, ಮುಂದೆ ಗಾಯ ಮಾಯುವುದನ್ನೂ ಇದೇ ನಿಧಾನ ಮಾಡುತ್ತೆ. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಅನುಮಾನ ಇದ್ದು ಕಾಲಿನ ಬಲ ಚೆನ್ನಾಗಿದ್ದರೆ ಬಯಾಪ್ಸಿ ಮೊದಲು, ಸ್ಟೀರಾಯ್ಡ್ ಆಮೇಲೆ. ಇಲ್ಲದಿದ್ದರೆ ಗಡ್ಡೆ ಕರಗಿ ತುಣುಕಿನಲ್ಲಿ ಏನೂ ಸಿಗದೇ ಹೋಗಬಹುದು.

[ದೃಶ್ಯ: ಕಪ್ಪು ಹಲಗೆ, ಸೀಮೆಸುಣ್ಣದಲ್ಲಿ ಅಂಕಗಳು.]

ಈಗ ಆಪರೇಷನ್ ಬೇಕಾ ಅನ್ನುವ ಲೆಕ್ಕ. ಮೂಳೆ ನಿಲ್ಲುತ್ತಾ ಇಲ್ಲವಾ ಅಂತ ಅಳೆಯೋಕೆ 2010ರಲ್ಲಿ ಬಂದ ಒಂದು ಅಂಕಪಟ್ಟಿ ಇದೆ, 'ಸಿನ್ಸ್'. ಆರು ವಿಷಯ, ಒಟ್ಟು 18 ಅಂಕ. 6ರವರೆಗೆ ಸ್ಥಿರ, 7ರಿಂದ 12 ಅನುಮಾನ, 13ರಿಂದ ಮೇಲೆ ಅಸ್ಥಿರ. ಉದಾಹರಣೆಗೆ ಸೊಂಟದ ಮೊದಲ ಮಣಿ, ಎಲ್1. ಎದೆಗೂಡು ಮುಗಿದು ಸೊಂಟ ಶುರುವಾಗುವ ಸಂಧಿ, ಅದಕ್ಕೆ 3. ಅಲುಗಾಡಿದರೆ ನೋವು, 3. ಮೂಳೆ ಕರಗಿಸುವ ಥರದ ಗಡ್ಡೆ, 2. ಬೆನ್ನು ಬಾಗಿಲ್ಲ, 0. ಮಣಿ ಅರ್ಧಕ್ಕಿಂತ ಕಮ್ಮಿ ಕುಸಿದಿದೆ, 2. ಹಿಂಭಾಗದಲ್ಲಿ ಒಂದು ಪಕ್ಕ ಹಾಳಾಗಿದೆ, 1. ಒಟ್ಟು 11. ಇದೇ ಮಣಿ ಇನ್ನಷ್ಟು ಕುಸಿದು ಅರ್ಧ ದಾಟಿ, ಬೆನ್ನು ಗೂನಾದರೆ 14. 7 ಮುಟ್ಟಿದರೆ ಸರ್ಜನ್ ನೋಡಲೇಬೇಕು. ಮುರಿದ ಕಂಬಕ್ಕೆ ರೇಡಿಯೇಶನ್ ಆಧಾರ ಕೊಡಲ್ಲ.

ಉಳಿದದ್ದು ಗಡ್ಡೆಯ ಜಾತಿಯ ಮೇಲೆ. ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್), ಲಿಂಫೋಮಾ ರೇಡಿಯೇಶನ್‌ಗೆ ಬೇಗ ಕರಗುತ್ತವೆ, ಮೂಳೆ ಗಟ್ಟಿಯಿದ್ದರೆ ಚಾಕು ಬೇಕಾಗಲ್ಲ. ಕಿಡ್ನಿ ಕ್ಯಾನ್ಸರ್ ಮಾಮೂಲಿ ಪ್ರಮಾಣದ ರೇಡಿಯೇಶನ್‌ಗೆ ಜಗ್ಗಲ್ಲ. ಕಾರ್ಡೋಮಾದಂಥ, ಮೂಳೆಯಲ್ಲೇ ಹುಟ್ಟಿದ ಗಡ್ಡೆಯ ಲೆಕ್ಕವೇ ಬೇರೆ: ಸಾಧ್ಯವಾದರೆ ಅದನ್ನ ಒಡೆಯದೆ ಇಡಿಯಾಗಿ ತೆಗೀಬೇಕು, ಬಯಾಪ್ಸಿ ಸೂಜಿ ಹೋದ ದಾರಿ ಸಮೇತ. ಇವತ್ತಿನ ವಿಷಯ ಹಬ್ಬಿ ಬಂದ ಗಡ್ಡೆ. ಅದರಲ್ಲಿ ಗುರಿ ನಡಿಗೆ ಉಳಿಸೋದು, ನೋವು ತೆಗೆಯೋದು. 'ಆಪರೇಷನ್ ಮಾಡಿಸಿದ್ವಿ, ಕ್ಯಾನ್ಸರ್ ಹೋಯ್ತಲ್ಲ?' ಅಂತ ಮನೆಯವರು ಕೇಳಿದರೆ ಮೊದಲೇ ಯಾರೋ ಸರಿಯಾಗಿ ಹೇಳಿಲ್ಲ ಅಂತ ಅರ್ಥ.

ಹಿಂದೆ ಬೆನ್ನ ಕಡೆಯಿಂದ ಮೂಳೆಯ ಮುಚ್ಚಳ ಮಾತ್ರ ತೆಗೀತಿದ್ದರು, ಲ್ಯಾಮಿನೆಕ್ಟಮಿ. ಗಡ್ಡೆ ಮುಂದೆ, ತೆಗೆದದ್ದು ಹಿಂದೆ. ಮುಂಭಾಗ ಗಡ್ಡೆಯಿಂದ ಹಾಳು, ಹಿಂಭಾಗ ಸರ್ಜನ್ನಿಂದ ಹಾಳು, ಬೆನ್ನು ಕುಸೀತಿತ್ತು. ರೇಡಿಯೇಶನ್ ಮಾತ್ರ ಕೊಟ್ಟವರಿಗಿಂತ ಇವರೇನೂ ಚೆನ್ನಾಗಿರಲಿಲ್ಲ. 2005ರಲ್ಲಿ ಪ್ಯಾಚೆಲ್ ಮತ್ತು ಸಂಗಡಿಗರ ಅಧ್ಯಯನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಮೇಲೆ ಗಾಳಿ ಬದಲಾಯ್ತು. 101 ರೋಗಿಗಳು. ಹುರಿಯ ಸುತ್ತ ಒತ್ತಡ ನೇರವಾಗಿ ಬಿಡಿಸಿ, ಬೇಕಾದಲ್ಲಿ ಮೂಳೆಗೆ ಆಧಾರ ಕೊಟ್ಟು, ಆಮೇಲೆ ರೇಡಿಯೇಶನ್ ಪಡೆದವರಲ್ಲಿ 84% ಜನ ನಡೆದರು. ರೇಡಿಯೇಶನ್ ಮಾತ್ರ ಪಡೆದವರಲ್ಲಿ 57%. ನಡಿಗೆ ಉಳಿದ ಮಧ್ಯಮ ಅವಧಿ 122 ದಿನ, ಇನ್ನೊಂದು ಗುಂಪಲ್ಲಿ 13 ದಿನ. ಕಾಲು ಪೂರ್ತಿ ಬಿದ್ದು 48 ಗಂಟೆ ದಾಟಿದವರನ್ನ ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಚಪ್ಪಲಿಯ ಮಾತು ಮೊದಲೇ ಎತ್ತಿದ್ದು ಇದಕ್ಕೇ.

[ದೃಶ್ಯ: ಥಿಯೇಟರ್. ಬೋರಲು ಮಲಗಿಸಿದ ಆಕೃತಿ, ಹೊಟ್ಟೆಯ ಕೆಳಗೆ ಖಾಲಿ ಜಾಗ.]

ಕಿಡ್ನಿ ಅಥವಾ ಥೈರಾಯ್ಡ್ ಗಡ್ಡೆಯಾದರೆ, ಹಿಂದಿನ ದಿನ ತೊಡೆಸಂದಿಯ ನಾಳದಿಂದ ಕ್ಯಾಥೆಟರ್ ಹಾಕಿ ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುತ್ತಾರೆ, ಎಂಬೊಲೈಸೇಶನ್. ಆಪರೇಷನ್ ಒಂದೆರಡು ದಿನದೊಳಗೆ ಆಗಬೇಕು, ತಡವಾದರೆ ಬೇರೆ ನಾಳ ತೆರೆದುಕೊಳ್ಳುತ್ತೆ. ಇದನ್ನ ಬಿಟ್ಟು ಕೈ ಹಾಕಿದರೆ ರಕ್ತ ಲೀಟರ್ ಲೆಕ್ಕದಲ್ಲಿ ಹೋಗಬಹುದು.

ರೋಗಿಯನ್ನ ಬೋರಲು ಮಲಗಿಸುವಾಗ ಹೊಟ್ಟೆ ನೇತಾಡುವ ಹಾಗೆ ಬಿಡ್ತಾರೆ. ಹೊಟ್ಟೆ ಒತ್ತಿದರೆ ಬ್ಯಾಟ್ಸನ್ ಬಲೆ ಉಬ್ಬುತ್ತೆ, ಹುರಿಯ ಸುತ್ತಲೇ ರಕ್ತ ಜಿನುಗುತ್ತೆ. ಕಣ್ಣಿನ ಮೇಲೆ ಒತ್ತಡ ಬೀಳಬಾರದು. ಸಿ-ಆರ್ಮ್‌ನಲ್ಲಿ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಮಣಿ ಎಣಿಸ್ತಾರೆ, ಕೆಳಗಿನಿಂದ ಒಮ್ಮೆ, ಪಕ್ಕೆಲುಬಿನಿಂದ ಒಮ್ಮೆ. ಸೊಂಟದಲ್ಲಿ ಐದರ ಬದಲು ಆರು ಮಣಿ ಇರುವ ಜನ ಇದ್ದಾರೆ. ತಪ್ಪು ಮಟ್ಟದಲ್ಲಿ ಆಪರೇಷನ್ ಆಗುವುದು ಹೆಚ್ಚಾಗಿ ಎಣಿಕೆಯ ತಪ್ಪಿನಿಂದ.

ಮೊದಲು ಸ್ಕ್ರೂ, ಆಮೇಲೆ ಹುರಿ. ಹಾಳಾದ ಮಣಿಯ ಮೇಲೆ ಎರಡು, ಕೆಳಗೆ ಎರಡು ಮಣಿಗಳಲ್ಲಿ ಎರಡೂ ಪಕ್ಕ, ಒಟ್ಟು ಎಂಟು ಸ್ಕ್ರೂ, ಇದು ಸಾಮಾನ್ಯ ರೂಢಿ. ಎದೆಯ ಕೆಳಭಾಗ, ಸೊಂಟದಲ್ಲಿ ದಪ್ಪ 5.5ರಿಂದ 6.5 ಮಿಲಿಮೀಟರ್. ಹುರಿ ತೆರೆದಿಟ್ಟು ಅದರ ಪಕ್ಕ ಸ್ಕ್ರೂ ತಿರುಗಿಸುವುದು ಯಾರಿಗೂ ಬೇಡ. ಮೂಳೆ ತೆಗೆಯುವಾಗ ಬೆನ್ನು ಅಲುಗದಿರಲಿ ಅಂತ ಒಂದು ಪಕ್ಕ ಸ್ಕ್ರೂಗಳನ್ನ ಜೋಡಿಸುವ ತಾತ್ಕಾಲಿಕ ರಾಡ್ ಬೀಳುತ್ತೆ.

[ದೃಶ್ಯ: ಹತ್ತಿರದ ಶಾಟ್. ಡ್ರಿಲ್‌ನ ತುದಿ, ಮೇಲೆ ನೀರು ಬೀಳುತ್ತಿದೆ.]

ಈಗ ಡ್ರಿಲ್. ಹಿಂದಿನ ಮೂಳೆಯನ್ನ ಮೊಟ್ಟೆಯ ಓಡಿನಷ್ಟು ತೆಳ್ಳಗಾಗುವ ತನಕ ಕೆರೀತಾರೆ. ಬಿಸಿ ಹುರಿಗೆ ತಾಗದಿರಲಿ ಅಂತ ನೀರು ಬೀಳ್ತಾನೇ ಇರುತ್ತೆ. ಉಳಿದ ಪದರವನ್ನ ಕೆರಿಸನ್ ಅನ್ನುವ, ತುದಿ ಬಾಗಿದ ಕತ್ತರಿಯಂಥ ಸಾಧನದಲ್ಲಿ ಚೂರು ಚೂರಾಗಿ ಕಚ್ಚಿ ತೆಗೀತಾರೆ. ಆಮೇಲೆ ಪಕ್ಕದ ಪೆಡಿಕಲ್. ಅದು ಹೋದರೆ ಹುರಿಯ ಪಕ್ಕದಿಂದ ಮುಂಭಾಗಕ್ಕೆ ದಾರಿ ಸಿಗುತ್ತೆ. ಅಲ್ಲಿಂದ ಗಡ್ಡೆಯನ್ನ ಕೆಳಕ್ಕೆ, ಅಂದರೆ ಹುರಿಯಿಂದ ದೂರಕ್ಕೆ ಒತ್ತಬೇಕು. ಹುರಿಯನ್ನ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಳ್ಳುವಂತಿಲ್ಲ. ಎದೆಮಟ್ಟದಲ್ಲಿ ಅಷ್ಟು ಎಳೆದರೆ ಕಾಲು ಹೋಗುತ್ತೆ. ಹುರಿಗೂ ಗಡ್ಡೆಗೂ ನಡುವೆ 2ರಿಂದ 3 ಮಿಲಿಮೀಟರ್ ಅಂತರ ಸಿಕ್ಕರೆ ಸಾಕು. ಸೆಪರೇಶನ್ ಸರ್ಜರಿ ಅಂದರೆ ಇದೇ. ಉಳಿದ ಗಡ್ಡೆಯನ್ನ ನಿಖರ ರೇಡಿಯೇಶನ್ ಸುಡುತ್ತೆ, ಉದಾಹರಣೆಗೆ 3 ಸಲದಲ್ಲಿ 27 ಗ್ರೇ (ರೇಡಿಯೇಶನ್ ಅಳೆಯುವ ಮಾನ). ಅಂತರವೇ ಇಲ್ಲದಿದ್ದರೆ ಅಷ್ಟು ಪ್ರಮಾಣ ಕೊಟ್ಟಾಗ ಹುರಿಯೂ ಬೇಯುತ್ತೆ.

ಇಷ್ಟು ಹೊತ್ತೂ ತಲೆಯಿಂದ ಕಾಲಿಗೆ, ಕಾಲಿಂದ ತಲೆಗೆ ವಿದ್ಯುತ್ ಸಂಕೇತ ಕಳಿಸಿ ನೋಡ್ತಿರ್ತಾರೆ. ಸ್ನಾಯು ಸಡಿಲಿಸುವ ಔಷಧಿ ಇದ್ದರೆ ಕಾಲಿನ ಸಂಕೇತ ಬರಲ್ಲ, ಅದಕ್ಕೆ ಅರಿವಳಿಕೆಯವರು ಅದನ್ನ ಉಸಿರಿನ ಟ್ಯೂಬ್ ಹಾಕುವಾಗ ಮಾತ್ರ ಬಳಸ್ತಾರೆ. ಸ್ಪರ್ಶದ ಸಂಕೇತ ಅರ್ಧಕ್ಕಿಳಿದರೆ ಎಚ್ಚರಿಕೆ: ಕೈ ನಿಲ್ಲಿಸು, ಬಿಪಿ ಏರಿಸು, ಕೊನೆಯದಾಗಿ ಮಾಡಿದ್ದನ್ನ ಹಿಂತೆಗೆ, ಸ್ಕ್ರೂ ನೋಡು. ಸರಾಸರಿ ರಕ್ತದೊತ್ತಡ 85ರ ಆಸುಪಾಸು ಇಟ್ಟುಕೊಳ್ಳಬೇಕು.

[ದೃಶ್ಯ: ವಾರ್ಡ್. ಬೆಡ್‌ಶೀಟ್ ಕೆಳಗೆ ಕಾಲಿನ ಹೆಬ್ಬೆರಳು ಅಲುಗುತ್ತಿದೆ.]

ಮೊದಲ ದಿನ ನರ್ಸ್ ಬಂದು ಬಂದು ಕಾಲ್ಬೆರಳು ಆಡಿಸಿ ಅಂತಾರೆ. ಕಿರಿಕಿರಿ ಅನಿಸಿದರೂ ಎಬ್ಬಿಸಲಿ ಬಿಡಿ. ಚೆನ್ನಾಗಿ ಆಡ್ತಿದ್ದ ಕಾಲು ಕೆಲವೇ ಗಂಟೆಯಲ್ಲಿ ಸೋತರೆ, ಹುರಿಯ ಮೇಲೆ ರಕ್ತ ಹೆಪ್ಪುಗಟ್ಟಿ ಒತ್ತುತ್ತಿರಬಹುದು. ಗಾಯದ ರಕ್ತ ಹೊರಗೆ ಬಿಡುವ ಡ್ರೈನ್ ಪೈಪ್ ಕಟ್ಟಿಕೊಂಡಿದ್ದರಿಂದಲೂ ಹಾಗಾಗುತ್ತೆ. ಆಗ ಬೇಗ ಎಂಆರ್‌ಐ, ಅದು ತಕ್ಷಣ ಸಿಗದಿದ್ದರೆ ನೇರ ಥಿಯೇಟರ್.

ಎದ್ದು ಕೂತರೆ ತಲೆ ಸಿಡಿಯುವುದು, ಮಲಗಿದರೆ ಇಳಿಯುವುದು, ಬ್ಯಾಂಡೇಜ್ ನೀರಿನಂಥ ದ್ರವದಲ್ಲಿ ನೆನೆಯುವುದು, ಇವು ಹುರಿಯ ಹೊದಿಕೆ ಹರಿದು ದ್ರವ ಸೋರುವುದರ ಲಕ್ಷಣ. ಮೊದಲೇ ರೇಡಿಯೇಶನ್ ಆಗಿದ್ದರೆ ಗಡ್ಡೆ ಹೊದಿಕೆಗೆ ಅಂಟಿರುತ್ತೆ, ಹರಿಯುವ ಸಾಧ್ಯತೆ ಹೆಚ್ಚು. ಮೀನಖಂಡ ಊದಿದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಅಲ್ಲಿ ನಿಮಿಷಗಳ ಲೆಕ್ಕ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಾಯ.

[ದೃಶ್ಯ: ಹತ್ತಿರದ ಶಾಟ್. ಹೊಲಿಗೆಯ ಸಾಲು, ಮಧ್ಯದಲ್ಲಿ ಒಂದೇ ಕಡೆ ಒದ್ದೆ.]

ಹತ್ತನೇ ದಿನದ ಸುಮಾರಿಗೆ, ಹೊಲಿಗೆಯ ಸಾಲಿನಲ್ಲಿ ಒಂದು ಕಡೆ ಅಕ್ಕಿಕಾಳಿನಷ್ಟು ಜಾಗ ಒದ್ದೆ. ಸುತ್ತ ತುಸು ಕೆಂಪು. ಜ್ವರ ಇಲ್ಲ, ಯಾಕಂದರೆ ಸ್ಟೀರಾಯ್ಡ್ ಜ್ವರವನ್ನ ಮುಚ್ಚಿಡುತ್ತೆ. 'ಪೌಡರ್ ಹಾಕಿ, ಒಣಗುತ್ತೆ' ಅಂತ ಬಿಟ್ಟರೆ ಒಳಗೆ ಕೀವು ರಾಡ್ ತನಕ ಇಳಿದಿರುತ್ತೆ. ರೇಡಿಯೇಶನ್ ತಿಂದ ಚರ್ಮಕ್ಕೆ ರಕ್ತಸಂಚಾರ ಕಮ್ಮಿ, ಮೈಯಲ್ಲಿ ಪ್ರೋಟೀನ್ ಇಲ್ಲ, ಸ್ಟೀರಾಯ್ಡ್ ಬೇರೆ, ಮೇಲೆ ರೋಗಿ ಅದೇ ಗಾಯದ ಮೇಲೇ ಮಲಗಿರ್ತಾರೆ. ಇಂಥ ಚರ್ಮದಲ್ಲಿ ಹೊಲಿಗೆ ಎರಡು ವಾರಕ್ಕೆ ಬಿಚ್ಚದೆ ಮೂರು ವಾರ ಬಿಡುವುದು ಜಾಣತನ. ಸೋಂಕು ಬೇಗ ಸಿಕ್ಕಿದರೆ ತೊಳೆದು, ಕಲ್ಚರ್ ಪ್ರಕಾರ ಸಾಮಾನ್ಯವಾಗಿ ಆರು ವಾರ ಆಂಟಿಬಯೋಟಿಕ್ ಕೊಟ್ಟು ಸ್ಕ್ರೂಗಳನ್ನ ಹೆಚ್ಚಾಗಿ ಉಳಿಸಿಕೊಳ್ಳಬಹುದು. ಬೆವಾಸಿಝುಮ್ಯಾಬ್ ಅನ್ನುವ ಕ್ಯಾನ್ಸರ್ ಔಷಧಿ ತಗೊಳ್ತಿದ್ದವರು ಸರ್ಜನ್‌ಗೆ ಹೇಳಲೇಬೇಕು: ಅದು ಹೊಸ ರಕ್ತನಾಳ ಬೆಳೆಯೋಕೆ ಬಿಡಲ್ಲ. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಹಿಂದೆ ಮುಂದೆ 28 ದಿನ ಬಿಡುವು ಇಡ್ತಾರೆ.

ತಿಂಗಳುಗಳ ನಂತರದ ತೊಂದರೆ ಲೋಹದ್ದು. ರೇಡಿಯೇಶನ್ ಬಿದ್ದ ಕಡೆ ಮೂಳೆ ಸುಲಭಕ್ಕೆ ಕೂಡಲ್ಲ. ಇಡೀ ಭಾರ ರಾಡ್ ಮೇಲೆ. ತಂತಿಯನ್ನ ಅತ್ತ ಇತ್ತ ಬಗ್ಗಿಸಿದರೆ ಹೇಗೆ ತುಂಡಾಗುತ್ತೋ ಹಾಗೆ ಅದೂ ಸುಸ್ತಾಗುತ್ತೆ. ಔಷಧಿ ಚೆನ್ನಾಗಿ ಕೆಲಸ ಮಾಡಿ ರೋಗಿ ವರ್ಷಗಟ್ಟಲೆ ಬದುಕಿದರೆ ರಾಡ್ ಮುರಿಯುವ ಸಾಧ್ಯತೆಯೂ ಹೆಚ್ಚು, ವಿಚಿತ್ರ ಅನಿಸಿದರೂ ನಿಜ. ಟೊಳ್ಳು ಮೂಳೆಯಲ್ಲಿ ಸ್ಕ್ರೂ ಹಿಡಿಯಲಿ ಅಂತ ಸಿಮೆಂಟ್ ತುಂಬುವುದುಂಟು. ಟೂತ್‌ಪೇಸ್ಟ್ ಹದಕ್ಕೆ ಬಂದ ಮೇಲೆ, ಸಿ-ಆರ್ಮ್‌ನಲ್ಲಿ ನೋಡ್ತಾ ತುಂಬಬೇಕು. ನೀರಾಗಿದ್ದಾಗ ತುಂಬಿದರೆ ಅದೇ ಬ್ಯಾಟ್ಸನ್ ಬಲೆ ಹಿಡಿದು ಶ್ವಾಸಕೋಶಕ್ಕೆ ಹೋಗುತ್ತೆ.

[ದೃಶ್ಯ: ಮನೆಯ ಕೋಣೆ. ಮಂಚ, ಪಕ್ಕದಲ್ಲಿ ಕಮೋಡ್ ಕುರ್ಚಿ, ಫೈಲ್.]

ಮನೆಗೆ ಬಂದ ಮೇಲೆ ನೆಲದ ಚಾಪೆ ಬೇಡ, ಮಂಚ ಇರಲಿ. ಹೊರಳುವಾಗ ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಸದ್ಯಕ್ಕೆ ಬೇಡ, ಕಮೋಡ್ ಕುರ್ಚಿ ತನ್ನಿ. ಗಾಯ ಮಾಯಲು ಮೊಟ್ಟೆ, ಬೇಳೆ, ಹಾಲು, ಯಾವುದು ಒಗ್ಗುತ್ತೋ ಅದು ದಿನಾ ಹೊಟ್ಟೆಗೆ ಹೋಗಬೇಕು.

ಆಪರೇಷನ್ ಒಂದು ಆಸ್ಪತ್ರೆಯಲ್ಲಿ, ರೇಡಿಯೇಶನ್ ಇನ್ನೊಂದು ಊರಲ್ಲಿ ಆಗುವುದು ನಮ್ಮಲ್ಲಿ ಮಾಮೂಲು. ಅದಕ್ಕೆ ಫೈಲ್‌ನಲ್ಲಿ ಈ ಕಾಗದಗಳು ಇರಲೇಬೇಕು: ಹಿಂದೆ ಯಾವ ಮಣಿಗಳಿಗೆ ಎಷ್ಟು ಗ್ರೇ, ಎಷ್ಟು ಸಲ ಕೊಟ್ಟರು ಅನ್ನುವ ಚಾರ್ಟ್, ಎಂಆರ್‌ಐ ಸಿಡಿ, ಮತ್ತು ಸ್ಕ್ರೂ ರಾಡ್‌ಗಳ ಕಂಪನಿ, ಲೋಹದ ಹೆಸರಿರುವ ಸ್ಟಿಕ್ಕರ್. ಮುಂದೆ ಎಂಆರ್‌ಐ ಮಾಡುವ ಟೆಕ್ನೀಶಿಯನ್ ಮೊದಲು ಕೇಳುವುದು ಆ ಸ್ಟಿಕ್ಕರನ್ನೇ.