ಬಿಟ್ಟಿ ವೆಬ್‌ಸೈಟ್, ದುಬಾರಿ ಪರೀಕ್ಷೆ

ಕೇಳುಗರೆಲ್ಲರಿಗೂ ನಮಸ್ಕಾರ. ಐಇಎಲ್‌ಟಿಎಸ್ ಅಂತ ಒಂದು ಇಂಗ್ಲಿಷ್ ಪರೀಕ್ಷೆ ಇದೆ. ಹೊರದೇಶಕ್ಕೆ ಓದಲು ಹೋಗುವವರು, ನರ್ಸಿಂಗ್ ಮುಗಿಸಿ ಕೆಲಸಕ್ಕೆ ಹೋಗುವವರು ಬರೆಯುತ್ತಾರೆ. ಫೀಸು 17 ಸಾವಿರ ರೂಪಾಯಿ ದಾಟಿದೆ. ಬಂದ ಅಂಕಕ್ಕೆ ಎರಡೇ ವರ್ಷ ಆಯುಷ್ಯ. ಬೇಕಾದ ಬ್ಯಾಂಡ್, ಅಂದರೆ ಅಂಕದ ಮಟ್ಟ, ಬರಲಿಲ್ಲವೋ, ಮತ್ತೆ ದುಡ್ಡು ಕಟ್ಟಬೇಕು. ಇದರ ಮೇಲೆ ಕೋಚಿಂಗ್ ಫೀಸು, ಬಸ್ಸು, ಲಾಡ್ಜು.

ನಾನು ಶಿರಸಿಯಲ್ಲಿ ಕೂತು ಈ ಪರೀಕ್ಷೆಗೆ ತಯಾರಾಗುವವರಿಗಾಗಿ ಒಂದು ವೆಬ್‌ಸೈಟ್ ನಡೆಸುತ್ತೇನೆ. ಪೂರ್ತಿ ಬಿಟ್ಟಿ. ಲಾಗಿನ್ ಇಲ್ಲ, ಫೋನ್ ನಂಬರ್ ಕೇಳುವುದಿಲ್ಲ. "ಹಾಗಾದ್ರೆ ನಿಂಗೆಂತ ಲಾಭ ಮಾರಾಯಾ?" ಅಂತ ಎಲ್ಲರೂ ಕೇಳುತ್ತಾರೆ. ಲಾಭ ಇಲ್ಲ, ಆದರೆ ಖರ್ಚೂ ಅಷ್ಟೇನಿಲ್ಲ. ವೆಬ್‌ಸೈಟಿನ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಚೀಚೆ. ಬರೀ ಅಕ್ಷರ ಇರುವ ಪುಟಗಳನ್ನು ಇಟ್ಟುಕೊಳ್ಳಲು ಪುಕ್ಕಟೆ ಜಾಗ ಸಿಗುತ್ತದೆ. ಜಾಹೀರಾತು ಹಾಕಬಹುದಿತ್ತು, ಹಾಕಿಲ್ಲ. ಯಾಕೆಂದರೆ ಈ ವಿಷಯಕ್ಕೆ ಬರುವ ಜಾಹೀರಾತುಗಳಲ್ಲಿ "ಪರೀಕ್ಷೆ ಬರೆಯದೇ ಸರ್ಟಿಫಿಕೇಟ್" ಎನ್ನುವಂಥವೂ ನುಸುಳುತ್ತವೆ. ಅದು ಶುದ್ಧ ಮೋಸ. ಯೂನಿವರ್ಸಿಟಿಯವರು ಅಂಕವನ್ನು ಆನ್‌ಲೈನಿನಲ್ಲೇ ತಾಳೆ ನೋಡುತ್ತಾರೆ, ಕಾಗದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ವೆಬ್‌ಸೈಟಿನಿಂದ ಇಂಗ್ಲಿಷ್ ಬರುವುದಿಲ್ಲ. ಬರುವುದು ಪರೀಕ್ಷೆಯ ಪಟ್ಟು. ಎರಡೂ ಬೇರೆ. ಚೆನ್ನಾಗಿ ಇಂಗ್ಲಿಷ್ ಬರುವ ಹುಡುಗರೇ ಪಟ್ಟು ಗೊತ್ತಿಲ್ಲದೆ ಅಂಕ ಕಳೆದುಕೊಳ್ಳುತ್ತಾರೆ, ಅದನ್ನು ತಪ್ಪಿಸಬಹುದು, ಅಷ್ಟೇ.

ಓದುವ ಭಾಗವನ್ನೇ ತೆಗೆದುಕೊಳ್ಳಿ. 60 ನಿಮಿಷ, 40 ಪ್ರಶ್ನೆ. ಅದರಲ್ಲಿ "ಟ್ರೂ, ಫಾಲ್ಸ್, ನಾಟ್ ಗಿವನ್" ಅಂತ ಒಂದು ಬಗೆ ಬರುತ್ತದೆ. ಕೊಟ್ಟ ಮಾತು ಪಾಠದ ಪ್ರಕಾರ ಸರಿಯೋ, ತಪ್ಪೋ, ಇಲ್ಲಾ ಪಾಠದಲ್ಲಿ ಹೇಳಿಯೇ ಇಲ್ಲವೋ ಅಂತ ಬರೆಯಬೇಕು. ಎಲ್ಲರೂ ಮುಗ್ಗರಿಸುವುದು ಇಲ್ಲೇ. ನಾನು ಅದನ್ನು ನಮ್ಮೂರಿನ ವಿಷಯ ಇಟ್ಟುಕೊಂಡು ಹೇಳಿಕೊಡುತ್ತೇನೆ. ಪಾಠದಲ್ಲಿ ಹೀಗಿದೆ ಅನ್ನಿ: ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ದೇವಿಯನ್ನು ರಥದಲ್ಲಿ ಬಿಡ್ಕಿಬೈಲಿಗೆ ಕರೆತರುತ್ತಾರೆ. ಈಗ ಪ್ರಶ್ನೆ. ಜಾತ್ರೆ ಪ್ರತಿ ವರ್ಷ ನಡೆಯುತ್ತದೆ, ಹೌದೋ ಅಲ್ಲವೋ? ಫಾಲ್ಸ್, ಸುಲಭ. ಜಾತ್ರೆಗೆ ಬೇರೆ ಜಿಲ್ಲೆಯವರೂ ಬರುತ್ತಾರೆ? ನಮ್ಮವರು ಕಣ್ಣು ಮುಚ್ಚಿ "ಟ್ರೂ" ಅಂತ ಬರೆಯುತ್ತಾರೆ. ಬರುತ್ತಾರಲ್ವಾ, ಹುಬ್ಬಳ್ಳಿ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ! ಆದರೆ ಪಾಠದಲ್ಲಿ ಆ ಮಾತೇ ಇಲ್ಲ. ಉತ್ತರ "ನಾಟ್ ಗಿವನ್". ನಿಮಗೆ ಗೊತ್ತಿರುವುದನ್ನು ಅವರು ಕೇಳುತ್ತಿಲ್ಲ. ಈ ಒಂದು ಪುಟ ಓದಿದ ಮೇಲೆ ತುಂಬ ಜನ "ಈಗ ತಲೆಗೆ ಹೋಯ್ತು" ಅಂತ ಬರೆದು ಕಳಿಸುತ್ತಾರೆ.

ಕೇಳುವ ಭಾಗಕ್ಕೆ ಆಡಿಯೋ ಬೇಕು. ತಲೆನೋವು ಇರುವುದೇ ಅಲ್ಲಿ. ಪರೀಕ್ಷೆಯಲ್ಲಿ ಒಂದೇ ಸಲ ಕೇಳಿಸುತ್ತಾರೆ, ಸ್ಪೆಲಿಂಗ್ ತಪ್ಪಿದರೆ ಆ ಉತ್ತರಕ್ಕೆ ಸೊನ್ನೆ. ಎರಡು ಪದ ಮೀರಬಾರದು ಅಂದಲ್ಲಿ ಮೂರು ಬರೆದರೂ ಸೊನ್ನೆ. ಹಾಗಾಗಿ ಅಭ್ಯಾಸದ ಧ್ವನಿ ಸ್ಪಷ್ಟವಾಗಿರಬೇಕು. ಆದರೆ ಯಲ್ಲಾಪುರದ ಒಳಗಿನ ಹಳ್ಳಿಯಲ್ಲೋ ಗೇರುಸೊಪ್ಪೆ ಘಟ್ಟದ ಬುಡದಲ್ಲೋ ಕೂತ ಹುಡುಗಿಗೆ ದೊಡ್ಡ ಫೈಲ್ ಇಳಿಯುವುದೇ ಇಲ್ಲ. ನಾನು ಎರಡು ಬದಿಯ ಸದ್ದನ್ನು ಒಂದೇ ಮಾಡಿ (ಮೊನೊ), ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸುತ್ತೇನೆ, ಅರ್ಧ ಗಂಟೆಯದ್ದು ಸುಮಾರು 14 ಎಂಬಿ ಆಗುತ್ತದೆ. ಮಾತಿಗೆ ಅಷ್ಟು ಸಾಕು. ಇನ್ನು ಮಳೆಗಾಲದಲ್ಲಿ ರೆಕಾರ್ಡ್ ಮಾಡುವುದು ಹೇಗೆ? ಹಂಚಿನ ಮೇಲೆ ಜುಲೈ ಮಳೆ ಹೊಡೆಯುತ್ತಿದ್ದರೆ ಮೈಕಿಗೆ ಬೇರೇನೂ ಕೇಳುವುದಿಲ್ಲ. ಮೈಕನ್ನೂ ನನ್ನನ್ನೂ ಸೇರಿಸಿ ಕಂಬಳಿ ಹೊದ್ದುಕೊಂಡು, ಒಳಗೆ ಮೊಬೈಲ್ ಬೆಳಕಿನಲ್ಲಿ ಓದುವುದು. ಮನೆಯವರು ಈಗ ನಗುವುದನ್ನೂ ಬಿಟ್ಟಿದ್ದಾರೆ.

"ಅಭ್ಯಾಸ ಪುಸ್ತಕಗಳ ಪಿಡಿಎಫ್ ಹಾಕಿ ಸರ್" ಅಂತ ಬೇಡಿಕೆ ಬರುತ್ತಲೇ ಇರುತ್ತದೆ. ಹಾಕುವುದಿಲ್ಲ. ಅವು ಬೇರೆಯವರ ಹಕ್ಕಿನ ಪುಸ್ತಕಗಳು. ಪರೀಕ್ಷೆ ನಡೆಸುವವರೇ ಮಾದರಿ ಪ್ರಶ್ನೆಗಳನ್ನು ಬಿಟ್ಟಿಯಾಗಿ ಕೊಡುತ್ತಾರೆ, ಅಲ್ಲಿಗೆ ದಾರಿ ತೋರಿಸುತ್ತೇನೆ. ಉಳಿದದ್ದು ನಾನೇ ಬರೆದದ್ದು.

ಬರೆಯುವ ಭಾಗದ ಎರಡನೇ ಪ್ರಶ್ನೆಗೆ ಕನಿಷ್ಠ 250 ಪದದ ಪ್ರಬಂಧ. ನನಗೆ ಬರುವ ಪ್ರಬಂಧಗಳಲ್ಲಿ ಅರ್ಧಕ್ಕರ್ಧ "ಇನ್ ದಿಸ್ ಮಾಡರ್ನ್ ಎರಾ" ಅಂತಲೇ ಶುರು! ಯಾವುದೋ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ್ದು. ಪರೀಕ್ಷಕರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಮಾತಾಡುವ ಭಾಗದಲ್ಲೂ ಅದೇ ಕತೆ. ಅದರ ಒಂದು ಹಂತದಲ್ಲಿ, ಕೊಟ್ಟ ವಿಷಯದ ಬಗ್ಗೆ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕು. ನೋಡಿದ ಜಾಗದ ಬಗ್ಗೆ ಹೇಳು ಅಂದರೆ, ಕುಮಟಾದ ಹುಡುಗ ಯಾಣ ಬಿಟ್ಟು ಎಂದೂ ಕಾಣದ ಐಫೆಲ್ ಟವರ್ ವರ್ಣಿಸುತ್ತಾನೆ. ಯಾಣದ ಬಂಡೆಗೆ ಹೋಗುವ ದಾರಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ), ಇದನ್ನು ಹೇಳಪ್ಪಾ. ನಮ್ಮ ಉಚ್ಚಾರ ನಮ್ಮದೇ ಇದ್ದರೂ ತೊಂದರೆ ಇಲ್ಲ, ಎದುರಿನವರಿಗೆ ಅರ್ಥವಾದರೆ ಸರಿ.

ನರ್ಸುಗಳಿಗೆ ಒಇಟಿ ಅಂತ ಇನ್ನೊಂದು ಪರೀಕ್ಷೆಯೂ ಇದೆ. ಅದರಲ್ಲಿ ಪ್ರಬಂಧ ಇಲ್ಲ, ರೋಗಿಯ ಕೇಸ್ ನೋಟ್ಸ್ ನೋಡಿ ಪತ್ರ ಬರೆಯಬೇಕು. ಅದರ ಪುಟಗಳು ಇನ್ನೂ ತಯಾರಾಗುತ್ತಿವೆ, ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಒಮ್ಮೆ ಓದಿ ನೋಡಿದರೆ ಉಪಕಾರ. ಆಡಿಯೋಗೆ ಹೆಣ್ಣು ದನಿಯೂ ಬೇಕು. ಕಂಬಳಿ ನಾನೇ ಕೊಡುತ್ತೇನೆ. ನಮಸ್ಕಾರ.