ಗೇಟ್ ಹಾಕಿಕೊಂಡು ನಮ್ಮನ್ನು ಕಾಯ್ದವರು

ನಮಸ್ಕಾರ. ನೀವೀಗ ನೋಡುತ್ತಿರುವುದು ಹಸಿರು ಮಾರ್ಗದ ಮೆಟ್ರೊ. ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಇದು ಬಂದಿದ್ದು 2021ರ ಜನವರಿಯಲ್ಲಿ. ಅದೇ ತಿಂಗಳು ನಾನೂ ಈ ರಸ್ತೆಗೆ ವಾಪಸ್ ಬಂದೆ. ಜೊತೆಗೆ ಅಪ್ಪ, ಒಂದು ಟ್ರಂಕು, ಹಾಸಿಗೆ ಸುತ್ತು, ಕೈಯಲ್ಲಿ ಕೋವಿಡ್ ನೆಗೆಟಿವ್ ರಿಪೋರ್ಟ್. ಹತ್ತನೇ ಕ್ಲಾಸಿನವರಿಗೆ ಜನವರಿ 1ರಿಂದ ಶಾಲೆ ತೆರೆದಿತ್ತು. ಇಲ್ಲೇ ಹತ್ತಿರದ ಒಂದು ವಸತಿ ಶಾಲೆಯಲ್ಲಿ ನಾನು ಓದುತ್ತಿದ್ದೆ.

ಅದಕ್ಕೂ ಮುಂಚೆ, 2020ರ ಲಾಕ್‌ಡೌನ್ ಪೂರ್ತಿ, ನಾನು ಹನೂರಿನ ಕಡೆಯ ನಮ್ಮೂರಿನಲ್ಲಿದ್ದೆ. ಮನೆಗೆ ಒಂದೇ ಫೋನು. ಅದನ್ನು ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದರು. ನೆಟ್‌ವರ್ಕ್ ಬೇಕೆಂದರೆ ಕೆರೆ ಏರಿ ಹತ್ತಬೇಕು. ಆಗಸ್ಟ್‌ನಲ್ಲಿ, ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಬಂದು ಪಾಠ ಮಾಡುವ ಸರ್ಕಾರದ 'ವಿದ್ಯಾಗಮ' ಶುರುವಾದಾಗ, ಊರಿನ ಸರ್ಕಾರಿ ಶಾಲೆಯ ಮೇಷ್ಟ್ರು ಅರಳಿಕಟ್ಟೆಯಲ್ಲಿ ಪಾಠ ಮಾಡುತ್ತಿದ್ದರು. ನಾನು ಅವರ ಶಾಲೆಯ ಹುಡುಗಿಯಲ್ಲ. ಆದರೂ ಕರೆದು ಕೂರಿಸಿಕೊಂಡರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಹಾಗಾಗಿ ಹಾಸ್ಟೆಲ್‌ಗೆ ಮರಳಿ ಬಂದ ದಿನ ನನಗೆ ಆದ ಖುಷಿ ಹೇಳತೀರದು.

ಈ ವಿಡಿಯೊ ಮಾಡುತ್ತಿರುವುದು ಮಾತ್ರ ಅದರ ನಂತರದ ದಿನಗಳ ಬಗ್ಗೆ ಹೇಳುವುದಕ್ಕೆ.

ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು. 27ರ ರಾತ್ರಿ 9 ಗಂಟೆಯಿಂದ ಲಾಕ್‌ಡೌನ್ ಅಂದರು. ಊರಿಗೆ ಹೋಗುವವರೆಲ್ಲ ಮೆಜೆಸ್ಟಿಕ್‌ಗೆ ಓಡಿದರು. ನಮ್ಮ ಹಾಸ್ಟೆಲ್ ಕೂಡ ಒಂದೇ ದಿನಕ್ಕೆ ಖಾಲಿಯಾಯಿತು. ಅಷ್ಟರಲ್ಲಿ ಅಮ್ಮನ ಫೋನು. 'ನಂಗೂ ನಿಮ್ಮಪ್ಪಂಗೂ ಪಾಸಿಟಿವ್ ಬಂದದೆ ಮಗಾ, ನೀನು ಬರಬ್ಯಾಡ. ಅಲ್ಲೇ ಇರು.' ನನ್ನ ಹಾಗೇ ಹೋಗಲಾಗದೆ ಉಳಿದವರು ಇನ್ನೂ ಕೆಲವರಿದ್ದರು. ಕಲಬುರಗಿಯವಳು, ಶಿರಸಿಯವಳು, ರಾಮನಗರದ ಅಕ್ಕ ತಂಗಿ.

ನಾವು ಉಳಿದೆವು ಅನ್ನುವ ಒಂದೇ ಕಾರಣಕ್ಕೆ ವಾರ್ಡನ್ ಮೇಡಂ, ಅಡುಗೆ ಅಕ್ಕ, ಗಣಿತದ ಮಿಸ್, ವಾಚ್‌ಮನ್ ತಾತ, ನಾಲ್ವರೂ ಗೇಟಿನ ಒಳಗೇ ಉಳಿದರು. ಮನೆಗೆ ಹೋಗಿ ಬಂದರೆ ಸೋಂಕು ಒಳಗೆ ಬರುತ್ತದೆ ಅಂತ ಮನೆಗೇ ಹೋಗಲಿಲ್ಲ. ಈ ಗೇಟ್ ನೋಡಿ. ಅಡುಗೆ ಅಕ್ಕನ ಮಗ ಇದರ ಆಚೆ ನಿಂತು ಅಮ್ಮನನ್ನು ಮಾತಾಡಿಸಿ ಹೋಗುತ್ತಿದ್ದ. ಚಿಕ್ಕ ಹುಡುಗ. ಅಕ್ಕ ಅವನನ್ನು ಮುಟ್ಟುವ ಹಾಗಿರಲಿಲ್ಲ. ಅವನನ್ನು ಕಳಿಸಿ ಒಳಗೆ ಬಂದು ನಮಗೆ ಮುದ್ದೆ ತೊಳಸುತ್ತಿದ್ದರು. ಆಗ ನನಗೆ ಅದರ ಭಾರ ಅಷ್ಟಾಗಿ ಗೊತ್ತಾಗಿರಲಿಲ್ಲ. ಈಗ ಈ ಗೇಟಿನ ಮುಂದೆ ನಿಂತರೆ ಮೊದಲು ಆ ಹುಡುಗನೇ ನೆನಪಾಗುತ್ತಾನೆ.

ದಿನಚರಿ ಸರಳವಾಗಿತ್ತು. ಬೆಳಿಗ್ಗೆ ಶುಂಠಿ, ಮೆಣಸು, ಜೀರಿಗೆ ಹಾಕಿದ ಕಷಾಯ. ಎರಡು ಹೊತ್ತು ಬೆರಳಿಗೆ ಆಕ್ಸಿಮೀಟರ್. ಮಧ್ಯೆ ಪಾಠ.

ಮೇ 3ರಂದು ಟಿವಿಯಲ್ಲಿ ಚಾಮರಾಜನಗರದ ಸುದ್ದಿ ಬಂತು. ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡಿದ್ದರು. ಅದು ನನ್ನ ಜಿಲ್ಲೆ. ಮನೆಯ ಫೋನ್ ಸಿಗುತ್ತಿಲ್ಲ. ವಾರ್ಡನ್ ಮೇಡಂ ಟಿವಿ ಆಫ್ ಮಾಡಿ ನನ್ನ ಪಕ್ಕ ಕೂತರು. ಊರಿನವರ ನಂಬರ್ ಒಂದೊಂದೇ ಕೇಳಿ, ಅಂಗಡಿಯವರಿಗೆ, ಆಶಾ ಕಾರ್ಯಕರ್ತೆಗೆ, ಎಲ್ಲರಿಗೂ ಫೋನ್ ಹಚ್ಚಿದರು. ಸಂಜೆ ಅಮ್ಮನ ದನಿ ಕೇಳಿಸುವವರೆಗೂ ಅವರು ಎದ್ದು ಹೋಗಲಿಲ್ಲ.

ಅಪ್ಪ ಅಮ್ಮ ಚೇತರಿಸಿಕೊಂಡರು. ಅಜ್ಜಿ ಉಳಿಯಲಿಲ್ಲ.

ಹೋಗಿ ಮುಖ ನೋಡುವ ಹಾಗೂ ಇರಲಿಲ್ಲ. ಆ ರಾತ್ರಿ ಕಲಬುರಗಿಯ ಗೆಳತಿ ತನ್ನ ಹಾಸಿಗೆ ಎಳೆದು ನನ್ನ ಪಕ್ಕ ಹಾಕಿಕೊಂಡಳು. 'ಅಳು, ಎಷ್ಟ್ ಬೇಕೋ ಅಷ್ಟ್ ಅಳು. ನಾ ಇಲ್ಲೇ ಅದೀನಿ' ಅಂದಳು. ಅಷ್ಟೇ ಹೇಳಿದ್ದು. ಸಮಾಧಾನದ ಮಾತು ಜಾಸ್ತಿ ಆಡದೇ ಇದ್ದದ್ದೇ ದೊಡ್ಡ ಉಪಕಾರ, ಅಲ್ವಾ?

ಹನ್ನೊಂದನೇ ದಿನ ಹತ್ತಿರ ಬಂದಾಗ ಅಡುಗೆ ಅಕ್ಕ ಕೇಳಿದರು, 'ನಿಮ್ಮಜ್ಜಿಗೆ ಏನಿಷ್ಟ ಕಂದಾ?' ಹುರುಳಿಕಾಳು ಬಸ್ಸಾರು, ಮುದ್ದೆ, ಕಜ್ಜಾಯ ಅಂದೆ. ನಮ್ಮ ಕಡೆ ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತೇವೆ. ಅಂಗಡಿ ತೆರೆಯುತ್ತಿದ್ದದ್ದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ವಾಚ್‌ಮನ್ ತಾತ ಅಂಗಡಿಯವರಿಗೆ ಫೋನ್ ಮಾಡಿ ಬೆಲ್ಲ, ಗಸಗಸೆ ಗೇಟಿನ ಹತ್ತಿರ ತರಿಸಿದರು. ಅಕ್ಕ ಅಕ್ಕಿ ನೆನೆಸಿ ಹಿಟ್ಟು ಮಾಡಿ ಪಾಕ ತೆಗೆದರು. ಶಿರಸಿಯವಳು ಹೂವು ಕಟ್ಟಿದಳು. ಊಟದ ಹಾಲ್‌ನ ಮೂಲೆಯಲ್ಲಿ, ಗಣಿತದ ಮಿಸ್ ಫೋನಿನಲ್ಲಿ ಅಜ್ಜಿಯ ಫೋಟೊ ಇಟ್ಟು, ಬಾಳೆಲೆಯ ಮೇಲೆ ಎಡೆ ಇಟ್ಟೆವು. ಅಜ್ಜಿಯನ್ನು ಒಮ್ಮೆಯೂ ನೋಡಿರದವರು ಒಬ್ಬೊಬ್ಬರಾಗಿ ಬಂದು ಕೈಮುಗಿದರು. ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, 'ನಮಗಿಂತ ಚೆನ್ನಾಗಿ ಮಾಡವ್ರೆ' ಅಂದರು.

ಇಷ್ಟರ ಮಧ್ಯೆ ಎಸ್ಸೆಸ್ಸೆಲ್ಸಿ ಮುಂದಕ್ಕೆ ಹೋಯಿತು. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ. 22ಕ್ಕೆ ಮೂರು ಭಾಷೆ. ಎಲ್ಲ ಬಹು ಆಯ್ಕೆಯ ಪ್ರಶ್ನೆ, ವಿಷಯಕ್ಕೆ 40 ಅಂಕ, ಉತ್ತರ ಒಎಂಆರ್ ಹಾಳೆಯಲ್ಲಿ. ನಾವ್ಯಾರೂ ಅಂಥ ಹಾಳೆ ಕಂಡವರಲ್ಲ. ಮಿಸ್ ಸ್ಕೇಲ್ ಹಿಡಿದು ತಾವೇ ಗೆರೆ ಎಳೆದು, ಬಳೆ ಇಟ್ಟಂತೆ ಸಾಲುಸಾಲು ವೃತ್ತ ಬರೆದು, ನಮಗೆ ದಿನವೂ ತುಂಬಿಸಲು ಕೊಟ್ಟರು. ಪರೀಕ್ಷೆಯ ದಿನ ನನ್ನ ಕೈ ನಡುಗಲಿಲ್ಲ. ಅದು ಅವರ ಶ್ರಮ.

ಆ ವರ್ಷ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಹಾಗಾಗಿ ಕೆಲವರು ನಮ್ಮನ್ನು 'ಕೊರೊನಾ ಬ್ಯಾಚ್' ಅಂತ ಕರೆಯುತ್ತಾರೆ. ನನಗೆ ಅದು ನೋವಿನ ಮಾತು. ಆ ಅಂಕಗಳ ಹಿಂದೆ ಮನೆ ಬಿಟ್ಟು ಕೂತ ನಾಲ್ಕು ಜನರಿದ್ದರು.

ವಾರ್ಡನ್ ಮೇಡಂ, ಮಿಸ್, ತಾತ, ಅಕ್ಕ, ನಿಮಗೆ ನಾನು ಋಣಿ. ಅಕ್ಕನ ಮಗನಿಗೂ. ಅವನೀಗ ಹತ್ತನೇ ಕ್ಲಾಸು. ಗಣಿತ ಸ್ವಲ್ಪ ಕಷ್ಟವಂತೆ. ಶನಿವಾರ ಮಧ್ಯಾಹ್ನ ಹಾಸ್ಟೆಲ್ ಮಕ್ಕಳ ಜೊತೆ ಅವನನ್ನೂ ಕೂರಿಸಿಕೊಂಡು ಹೇಳಿಕೊಡುತ್ತಿದ್ದೇನೆ. ಈ ವಾರ ತ್ರಿಕೋನಮಿತಿ.